ದೀಪಾವಳಿಗೆ ನೆಟ್ಟ ಗೆಡ್ಡೆ, ಯುಗಾದಿಯವರೆಗಿನ ಕಾವಲು

ಮೊದಲ ಸಲ ನಾನು ಟ್ಯೂಲಿಪ್ ಗೆಡ್ಡೆಗಳನ್ನು ನೆಟ್ಟದ್ದು ಎಂಟು ವರ್ಷಗಳ ಹಿಂದೆ, ದೀಪಾವಳಿ ಕಳೆದ ಮರುವಾರದ ಶನಿವಾರ. ಒಟ್ಟು 50 ಗೆಡ್ಡೆಗಳು. ಮನೆಯ ಮುಂದಿನ ಮೆಟ್ಟಿಲಿನ ಎರಡೂ ಬದಿಗೆ ಸಾಲು ಹಿಡಿದು ನೆಟ್ಟು, ನೀರುಣಿಸಿ, ಸೊಂಟ ನೋಯುತ್ತಿದ್ದರೂ ಏನೋ ಸಾಧಿಸಿದ ಸಮಾಧಾನದಲ್ಲಿ ಮಲಗಿದ್ದೆ. ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಡುವಾಗ ನೋಡಿದರೆ ಪಾತಿಯ ತುಂಬ ಕಾಫಿ ಲೋಟದ ಬಾಯಿಯಷ್ಟಗಲದ ಗುಂಡಿಗಳಿದ್ದವು. ಗುಂಡಿಗಳ ಅಂಚಿನಲ್ಲಿ ಈರುಳ್ಳಿ ಸಿಪ್ಪೆಯಂಥ ಕಂದು ಪೊರೆಗಳು ಚೆಲ್ಲಿದ್ದವು. ಸಂಜೆ ಬಂದು ಬೆರಳಿನಿಂದ ಕೆದಕಿ ಎಣಿಸಿದಾಗ ನೆಲದೊಳಗೆ ಉಳಿದಿದ್ದವು 18. ಅರ್ಧ ತಿಂದ ಗೆಡ್ಡೆಯೊಂದು ಮೆಟ್ಟಿಲಿನ ಮೇಲೆಯೇ ಬಿದ್ದಿತ್ತು. ಅದರ ಬಿಳಿಯ ಒಡಲಿನ ಮೇಲೆ ಜೋಡಿ ಹಲ್ಲಿನ ಗೀರುಗಳು ಸಣ್ಣ ಉಳಿಯಿಂದ ಕೆತ್ತಿದಷ್ಟು ಸ್ಪಷ್ಟವಾಗಿದ್ದವು.

ನಾನಿರುವುದು ನ್ಯೂಜೆರ್ಸಿಯ ನಡುಭಾಗದಲ್ಲಿ. ಇಲ್ಲಿಯ ನೆಲ ಕಬ್ಬಿಣದ ಅಂಶದಿಂದ ಕೆಂಪಾದ ಜೇಡಿಮಣ್ಣು. ಬಣ್ಣದಲ್ಲಿ ಅದು ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯ ಅಂಗಳವನ್ನೇ ನೆನಪಿಸುತ್ತದೆಯಾದ್ದರಿಂದ, ಇಲ್ಲಿ ಏನು ನೆಟ್ಟರೂ ಬಂದೀತು ಎಂಬ ಭ್ರಮೆ ಮೊದಲ ಕೆಲವು ವರ್ಷ ನನಗಿತ್ತು. ಟ್ಯೂಲಿಪ್, ಡ್ಯಾಫೋಡಿಲ್, ಕ್ರೋಕಸ್ ಮೊದಲಾದ ವಸಂತದ ಗೆಡ್ಡೆಗಳನ್ನು ನೆಡಬೇಕಾದದ್ದು ವಸಂತದಲ್ಲಲ್ಲ, ಮರಗಳು ಎಲೆ ಉದುರಿಸುವ ಕಾಲದಲ್ಲಿ ಎಂಬುದೇ ನನಗೆ ಆಗ ಹೊಸ ವಿಷಯವಾಗಿತ್ತು. ಮಣ್ಣಿನ ಉಷ್ಣಾಂಶ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ, ಆದರೆ ನೆಲ ಹೆಪ್ಪುಗಟ್ಟುವುದಕ್ಕೆ ಕೆಲವು ವಾರಗಳ ಮುಂಚೆ, ಅವು ಮಣ್ಣು ಸೇರಿ ಬೇರು ಬಿಡಬೇಕು. ಟ್ಯೂಲಿಪ್‌ಗೆ 12ರಿಂದ 16 ವಾರಗಳ ಚಳಿ ಬೇಕು. ಆ ಚಳಿಯಲ್ಲಿ ಗೆಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗಿ ಮಾರ್ಪಟ್ಟು, ಒಳಗೆ ಮೊದಲೇ ರೂಪುಗೊಂಡಿರುವ ಮೊಗ್ಗು ಮೇಲೇಳಲು ಸಿದ್ಧವಾಗುತ್ತದೆ. ಚಳಿ ಸಾಲದೆ ಹೋದರೆ ದಂಟು ಎತ್ತರಕ್ಕೆ ಬಾರದೆ ಹೂವು ಎಲೆಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ. ನಮ್ಮ ಮನೆಯ ಲೆಕ್ಕದಲ್ಲಿ ಇದು ದೀಪಾವಳಿಗೆ ನೆಟ್ಟು ಯುಗಾದಿಗೆ ನೋಡುವ ಬೆಳೆ. ಹಾಗೆಂದರೆ ಐದು ತಿಂಗಳ ಕಾವಲು.

ಆ ಸೋಮವಾರದ ಅಪರಾಧಿ ಯಾರೆಂದು ಕಂಡುಹಿಡಿಯಲು ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಓಕ್ ಮರದ ಬುಡದಲ್ಲಿ ಕುಳಿತು, ನನ್ನ ಗೆಡ್ಡೆಯನ್ನೇ ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾ ತಿನ್ನುತ್ತಿದ್ದುದು ಇಲ್ಲಿಯ ಬೂದು ಅಳಿಲು. ಇದು ಬೆನ್ನ ಮೇಲೆ ಮೂರು ಗೆರೆಗಳಿರುವ ನಮ್ಮೂರಿನ ಅಳಿಲಿಗಿಂತ ಬಹಳ ದೊಡ್ಡದು, ಧೈರ್ಯವೂ ಅಷ್ಟೇ ದೊಡ್ಡದು. ಸೇತುವೆಗೆ ಮರಳು ಹೊತ್ತ ಅಳಿಲಿನ ಕಥೆ ಕೇಳಿ ಬೆಳೆದವಳಿಗೆ ಅದರ ಮೇಲೆ ಕಲ್ಲೆತ್ತಲು ಕೈ ಬರಲಿಲ್ಲ ಎಂಬುದು ನಿಜವಾದರೂ, ಅಳಿಲು ಸೇವೆ ಎಂಬ ಮಾತನ್ನು ಅಂದಿನಿಂದ ನಾನು ಸ್ವಲ್ಪ ಎಚ್ಚರದಿಂದಲೇ ಬಳಸುತ್ತೇನೆ. ಅಕ್ಟೋಬರ್ ಮತ್ತು ನವೆಂಬರ್ ಅವುಗಳಿಗೆ ಸುಗ್ಗಿಯ ಕಾಲ. ಓಕ್ ಕಾಯಿಗಳನ್ನು ಅಲ್ಲೊಂದು ಇಲ್ಲೊಂದು ಹೂತಿಡುವ, ಬೇರೆಯವು ಹೂತಿಟ್ಟದ್ದನ್ನು ಕದಿಯುವ ಕೆಲಸ ಬೆಳಗಿನಿಂದ ಸಂಜೆಯವರೆಗೆ ನಡೆದೇ ಇರುತ್ತದೆ. ಹಾಗಿರುವಾಗ ಆಗಷ್ಟೇ ಸಡಿಲಾದ ಮಣ್ಣು ಕಂಡರೆ ಅಲ್ಲೇನೋ ಇದೆ ಎಂದು ಅವು ಭಾವಿಸುವುದು ಸಹಜವೇ. ಅದರ ಜೊತೆಗೆ ನಾನು ಗೆಡ್ಡೆಗಳ ಸುಲಿದ ಪೊರೆಗಳನ್ನು ಪಾತಿಯ ಮೇಲೆಯೇ ಉದುರಿಸಿ, ವಾಸನೆಯ ಮೂಲಕ ವಿಳಾಸವನ್ನೂ ಬರೆದಿಟ್ಟಿದ್ದೆ. ಇನ್ನೊಂದು ತಪ್ಪು ಆಳದ್ದು. ಗೆಡ್ಡೆಯ ಎತ್ತರದ ಎರಡರಿಂದ ಮೂರು ಪಟ್ಟು ಆಳಕ್ಕೆ ನೆಡಬೇಕೆಂಬುದು ಸಾಮಾನ್ಯ ನಿಯಮ. ಟ್ಯೂಲಿಪ್‌ಗೆ ಆರರಿಂದ ಎಂಟು ಇಂಚು. ಜೇಡಿಮಣ್ಣು ಗಟ್ಟಿಯಾಗಿತ್ತೆಂದು ನಾನು ಮೂರೇ ಇಂಚಿಗೆ ಕೈಬಿಟ್ಟಿದ್ದೆ.

ಉಳಿದ 18 ಗೆಡ್ಡೆಗಳನ್ನು ಉಳಿಸಿಕೊಳ್ಳಲು ಮೊದಲು ಹೊಳೆದದ್ದು ಖಾರದ ಪುಡಿ. ಮೆಣಸಿನಕಾಯಿಯ ಖಾರ ಸಸ್ತನಿಗಳಿಗೆ ಮಾತ್ರ ತಗಲುತ್ತದೆ, ಹಕ್ಕಿಗಳಿಗೆ ಅದು ತಿಳಿಯುವುದೇ ಇಲ್ಲ. ಆದ್ದರಿಂದಲೇ ಇಲ್ಲಿ ಅಳಿಲು ಮುಟ್ಟಬಾರದೆಂದು ಖಾರ ಬೆರೆಸಿದ ಹಕ್ಕಿಕಾಳನ್ನು ಅಂಗಡಿಗಳಲ್ಲಿ ಮಾರುತ್ತಾರೆ. ಅಡಿಗೆಮನೆಯ ಡಬ್ಬಿಯಿಂದ ಎರಡು ಹಿಡಿ ಪುಡಿ ತಂದು ಪಾತಿಯ ಮೇಲೆ ಚೆಲ್ಲಿದೆ. ಮರುದಿನ ಅಳಿಲು ಅದೇ ಕೆಂಪು ಮಣ್ಣನ್ನು ನಿಶ್ಚಿಂತೆಯಿಂದ ಕೆದಕಿ ಇನ್ನೂ ನಾಲ್ಕನ್ನು ಎತ್ತಿಕೊಂಡು ಹೋಯಿತು. ಡಬ್ಬಿಯಲ್ಲಿದ್ದದ್ದು ಬ್ಯಾಡಗಿ ಪುಡಿ ಎಂಬುದು ಆಮೇಲೆ ನೆನಪಾಯಿತು. ಬಣ್ಣಕ್ಕೆ ಹೆಸರಾದ ಮೆಣಸಿನಕಾಯಿ ಅದು, ಖಾರಕ್ಕಲ್ಲ. ಗುಂಟೂರು ಪುಡಿ ತಂದು ಹಾಕಿದ್ದರೆ ಒಂದೆರಡು ದಿನ ತಡೆಯುತ್ತಿತ್ತೇನೋ, ಆದರೆ ಅದೂ ಮೊದಲ ಮಳೆಗೆ ತೊಳೆದುಹೋಗುತ್ತದೆ. ಜೊತೆಗೆ, ಕೆದಕಿದ ಕಾಲಿನಿಂದಲೇ ಮುಖ ಒರೆಸಿಕೊಳ್ಳುವ ಪ್ರಾಣಿಯ ಕಣ್ಣಿಗೆ ಆ ಪುಡಿ ಏನು ಮಾಡೀತು ಎಂದು ಯೋಚಿಸಿದ ಮೇಲೆ ಆ ಪ್ರಯೋಗವನ್ನು ನಾನು ಮತ್ತೆ ಮಾಡಲಿಲ್ಲ.

ಆ ವಾರ ಫೋನಿನಲ್ಲಿ ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕರು. ಅವರದೂ ಗೆಡ್ಡೆಯದೇ ವ್ಯಥೆ. ಮರಗೆಣಸು, ಸಿಹಿಗೆಣಸು ಯಾವುದನ್ನು ಹಾಕಿದರೂ ಹಂದಿ, ಮುಳ್ಳುಹಂದಿಗಳು ಬಿಡುವುದಿಲ್ಲ. ಗದ್ದೆಯ ಸುತ್ತ ಅಮ್ಮನ ಹಳೆಯ ಸೀರೆಗಳನ್ನು ಕಟ್ಟಿ, ಕ್ಷೌರದಂಗಡಿಯಿಂದ ಕೂದಲು ತಂದು ಅಂಚಿಗೆ ಹಾಕಿ ನೋಡಿದವರು ಅವರು. “ಅಲ್ಲ ಮಾರಾಯ್ತಿ, ತಿನ್ನಕ್ಕೆ ಬರದಿರೋ ಗಡ್ಡೇನ ದುಡ್ಡು ಕೊಟ್ಟು ತಂದು ಹೂಳ್ತೀಯಲ್ಲ, ಅದನ್ನ ಯಾವ ಪ್ರಾಣಿ ತಿಂತದೆ ಅಂತ ಮೊದಲು ಕೇಳ್ಕೊಂಡು ತರಬಾರ್ದಾ?” ಎಂದರು. ತಮಾಷೆಗೆ ಹೇಳಿದ ಮಾತಾದರೂ ವಿಷಯದ ತಿರುಳು ಅದರಲ್ಲೇ ಇತ್ತು. ಅದು ಅರ್ಥವಾಗಲು ನನಗೆ ಇನ್ನೂ ಎರಡು ವರ್ಷ ಹಿಡಿಯಿತು.

ಟ್ಯೂಲಿಪ್ ತಿನ್ನಲು ಬರುವುದಿಲ್ಲವೆಂಬ ಅಪ್ಪಯ್ಯನ ಊಹೆ ಮಾತ್ರ ಪೂರ್ತಿ ಸರಿಯಲ್ಲ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ 1944-45ರಲ್ಲಿ, ಆಹಾರ ಸಿಗದ ನೆದರ್ಲೆಂಡ್ಸ್‌ನ ಜನ ಟ್ಯೂಲಿಪ್ ಗೆಡ್ಡೆಗಳ ನಡುವಿನ ಹಳದಿ ಮೊಳಕೆಯನ್ನು ತೆಗೆದುಹಾಕಿ, ಉಳಿದದ್ದನ್ನು ಬೇಯಿಸಿ ತಿಂದು ಜೀವ ಹಿಡಿದರು. ಹಸಿದ ಮನುಷ್ಯನಿಗೇ ಆಹಾರವಾದ ಪಿಷ್ಟದ ಉಂಡೆ ಅಳಿಲಿಗೆ ರುಚಿಸುವುದರಲ್ಲಿ ಆಶ್ಚರ್ಯವೇನಿಲ್ಲ. ಅದೇ ದೇಶದ ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ 1593ರಲ್ಲಿ ಬಂದ ಸಸ್ಯವಿಜ್ಞಾನಿ ಕ್ಲೂಸಿಯಸ್ ಅಲ್ಲಿ ಟ್ಯೂಲಿಪ್ ಬೆಳೆಸಿದಾಗಲೂ ಅವರ ಗೆಡ್ಡೆಗಳು ಕಳುವಾದವು. ಅಲ್ಲಿ ಕದ್ದವರು ಎರಡು ಕಾಲಿನವರು ಎಂಬುದಷ್ಟೇ ವ್ಯತ್ಯಾಸ.

ಎರಡನೇ ವರ್ಷ ಅಂಗಡಿಯವರೊಬ್ಬರ ಸಲಹೆಯಂತೆ ಪ್ರತಿ ಗುಂಡಿಗೂ ಒಂದೊಂದು ಚಮಚ ಮೂಳೆ ಪುಡಿ ಹಾಕಿದೆ. ಗೆಡ್ಡೆಗಳು ಆ ರಾತ್ರಿಯೇ ಹೊರಬಂದವು. ಆದರೆ ಈ ಸಲ ಯಾವುದನ್ನೂ ತಿಂದಿರಲಿಲ್ಲ. ಗುಂಡಿಗಳನ್ನು ಅಗಲವಾಗಿ ಬಗೆದು ಗೆಡ್ಡೆಗಳನ್ನು ಪಕ್ಕಕ್ಕೆ ಎಸೆಯಲಾಗಿತ್ತು. ಬಂದದ್ದು ರಕೂನೋ ನರಿಯೋ ಸ್ಕಂಕೋ, ಅದಕ್ಕೆ ಬೇಕಾಗಿದ್ದದ್ದು ಮೂಳೆಯ ವಾಸನೆಯ ಮೂಲ ಮಾತ್ರ. ಅಂಗಡಿಯಿಂದ ತಂದ ಒಳ್ಳೆಯ ಗೆಡ್ಡೆಯೊಳಗೆ ಮುಂದಿನ ವಸಂತದ ಹೂವಿಗೆ ಬೇಕಾದ ಬುತ್ತಿ ಇದ್ದೇ ಇರುವುದರಿಂದ, ಮೊದಲ ವರ್ಷ ಯಾವ ಗೊಬ್ಬರದ ಅಗತ್ಯವೂ ಇರಲಿಲ್ಲ. ಪುಣ್ಯಕ್ಕೆ ಅವನ್ನು ಆರಿಸಿ ಮತ್ತೆ ನೆಡಬಹುದಾಗಿತ್ತು.

ಮೂರನೇ ವರ್ಷ ಪಂಜರ ಮಾಡಿದೆ, ಮತ್ತು ಟ್ಯೂಲಿಪ್ ಬೇಕೇ ಬೇಕು ಎನ್ನುವವರಿಗೆ ಇಂದಿಗೂ ನಾನು ಹೇಳುವುದು ಅದೊಂದನ್ನೇ. ಇಲ್ಲಿ ಹಾರ್ಡ್‌ವೇರ್ ಕ್ಲಾಥ್ ಎಂದು ಕರೆಯುವ, ಹೆಸರಿನಲ್ಲಿ ಬಟ್ಟೆಯಿದ್ದರೂ ಬಟ್ಟೆಗೆ ಯಾವ ಸಂಬಂಧವೂ ಇಲ್ಲದ, ಅರ್ಧ ಇಂಚಿನ ಚೌಕ ಕಣ್ಣುಗಳ ಗಟ್ಟಿ ತಂತಿ ಜಾಲರಿಯ ಸುರುಳಿಯೊಂದನ್ನು ತಂದು, ತಗಡು ಕತ್ತರಿಸುವ ಕತ್ತರಿಯಿಂದ ಕೊಯ್ದು, ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂಬತ್ತು ಇಂಚು ಎತ್ತರದ ಪೆಟ್ಟಿಗೆಯಾಗಿ ಬಗ್ಗಿಸಿದೆ. ಮೂಲೆಗಳನ್ನು ತೆಳು ತಂತಿಯಿಂದ ಹೊಲಿದೆ. ಕೈಗವಸಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು; ಕೊಯ್ದ ತಂತಿಯ ತುದಿಗಳು ಸೂಜಿಯಷ್ಟೇ ಚೂಪಾಗಿರುತ್ತವೆ, ಮತ್ತು ನನ್ನ ಎಡ ಮಣಿಕಟ್ಟಿನ ಮೇಲಿನ ಗೆರೆ ಆ ಶನಿವಾರದ್ದೇ. ಕೋಳಿ ಬಲೆ ಅಗ್ಗವಾಗಿ ಸಿಗುತ್ತದೆಯಾದರೂ ಅದರ ಕಣ್ಣು ದೊಡ್ಡದು, ತಂತಿಯೂ ತೆಳು. ಅಳಿಲನ್ನು ತಡೆದರೂ ಹೆಬ್ಬೆರಳಿಗಿಂತ ತುಸು ದಪ್ಪನೆಯ ಪ್ರಾಣಿಗಳನ್ನು ಅದು ತಡೆಯುವುದಿಲ್ಲ.

ನೆಲವನ್ನು ಹತ್ತು ಇಂಚು ಅಗೆದು, ಪೆಟ್ಟಿಗೆಯನ್ನು ಇಳಿಸಿ, ತಳಕ್ಕೆ ಎಲೆಗೊಬ್ಬರ ಬೆರೆಸಿ ಸಡಿಲಗೊಳಿಸಿದ ಮಣ್ಣನ್ನು ಎರಡು ಇಂಚು ಹಾಸಿದೆ. ಜೇಡಿಯಲ್ಲಿ ನೀರು ನಿಂತರೆ ಹಲ್ಲಿಲ್ಲದ ಶತ್ರುವೊಂದು ಗೆಡ್ಡೆಯನ್ನು ಕೊಳೆಸಿ ಮುಗಿಸುತ್ತದೆ, ಆದ್ದರಿಂದ ಈ ಹಂತದಲ್ಲಿ ಅವಸರ ಮಾಡಬಾರದು. ಆ ಮೇಲೆ ಗೆಡ್ಡೆಗಳನ್ನು ಚೂಪು ತುದಿ ಮೇಲೆ ಬರುವಂತೆ, ತಟ್ಟೆಯಲ್ಲಿ ಮೋದಕ ಜೋಡಿಸಿದ ಹಾಗೆ ಒಂದಕ್ಕೊಂದು ತಾಗದಂತೆ ಇಟ್ಟೆ. ಟ್ಯೂಲಿಪ್ ಗೆಡ್ಡೆಗೆ ಒಂದು ಪಕ್ಕ ಚಪ್ಪಟೆಯಾಗಿರುತ್ತದೆ. ಮೊದಲ ದೊಡ್ಡ ಎಲೆ ಆ ಪಕ್ಕದಿಂದ ಹೊರಡುವುದರಿಂದ, ಅಂಚಿನ ಸಾಲಿನ ಗೆಡ್ಡೆಗಳ ಚಪ್ಪಟೆ ಮೈಯನ್ನು ಹೊರಗೆ ತಿರುಗಿಸಿಟ್ಟರೆ ಎಲೆಗಳು ಹೊರಚಾಚಿ ಪಾತಿ ತುಂಬಿದಂತೆ ಕಾಣುತ್ತದೆ. ಇದು ತೋಟಗಾರಿಕೆಯ ಗೀಳಿನವರ ಸೂಕ್ಷ್ಮ, ಮಾಡದಿದ್ದರೆ ನಷ್ಟವೇನಿಲ್ಲ. ಮಣ್ಣು ಮುಚ್ಚಿ, ನೀರು ಹಾಕಿ, ಬಿದ್ದ ಒಂದೊಂದು ಪೊರೆಯನ್ನೂ ಆರಿಸಿ ಕಸದ ಚೀಲಕ್ಕೆ ಹಾಕಿ, ಮೇಲೆ ಜಾಲರಿಯ ಮುಚ್ಚಳವನ್ನು ಹಾಸಿ ನಾಲ್ಕು ಮೂಲೆಗೂ ಕಲ್ಲು ಹೇರಿದೆ. ಮರುದಿನ ಅಳಿಲು ಬಂತು, ಮುಚ್ಚಳದ ಮೇಲೆ ಹತ್ತು ನಿಮಿಷ ಕಾಲಾಡಿಸಿತು, ಆಮೇಲೆ ಪಕ್ಕದ ಮನೆಯವರು ಹ್ಯಾಲೋವೀನ್‌ಗೆ ಇಟ್ಟಿದ್ದ ಕುಂಬಳಕಾಯಿಯ ಕಡೆಗೆ ಹೋಯಿತು.

ಪಂಜರಕ್ಕೆ ತಳ ಏಕೆ ಬೇಕು ಎಂದು ನನ್ನನ್ನು ಕೇಳಿದವರಿದ್ದಾರೆ. ಅಳಿಲು ಮೇಲಿನಿಂದ ಬರುವ ಕಳ್ಳ. ಕೆಳಗಿನಿಂದ ಬರುವವನೊಬ್ಬನಿದ್ದಾನೆ, ವೋಲ್. ಮೋಟು ಬಾಲದ, ಸಣ್ಣ ಕಣ್ಣು ಕಿವಿಗಳ, ಗುಂಡಗಿನ ಇಲಿ ಇದು. ನೆಲದ ಮೇಲೆ ಗುಂಡಿಯಿಲ್ಲ, ಪೊರೆಯಿಲ್ಲ, ಯಾವ ಸದ್ದೂ ಇಲ್ಲ. ವಸಂತ ಬಂದರೂ ಮೊಳಕೆ ಮಾತ್ರ ಬರುವುದಿಲ್ಲ. ಪಂಜರದ ಹೊರಗೆ ನಾನು ನೆಟ್ಟಿದ್ದ ಹತ್ತು ಗೆಡ್ಡೆಗಳ ಜಾಗವನ್ನು ಏಪ್ರಿಲ್‌ನಲ್ಲಿ ಅಗೆದು ನೋಡಿದಾಗ ಎರಡು ಬೆರಳು ಅಗಲದ ಸುರಂಗವೊಂದು ಒಂದು ಗೆಡ್ಡೆಯಿದ್ದ ಜಾಗದಿಂದ ಇನ್ನೊಂದರ ಜಾಗಕ್ಕೆ, ಊಟದ ಪಂಕ್ತಿಯಲ್ಲಿ ಬಡಿಸಿಕೊಂಡು ಹೋದ ಹಾಗೆ, ನೇರವಾಗಿ ಸಾಗಿತ್ತು. ಇದರ ಅಪವಾದವನ್ನು ಹೊರುವುದು ಸಾಮಾನ್ಯವಾಗಿ ಮೋಲ್ ಎಂಬ ಇನ್ನೊಂದು ಬಿಲವಾಸಿ. ಅದು ತಿನ್ನುವುದು ಎರೆಹುಳು ಮತ್ತು ಕೀಟಗಳನ್ನು. ಗೆಡ್ಡೆ ಅದಕ್ಕೆ ಬೇಡ. ಆದರೆ ಅದು ತೋಡಿಟ್ಟ ಸುರಂಗದಲ್ಲಿ ವೋಲ್ ಸಂಚರಿಸುವುದುಂಟು, ಹಾಗಾಗಿ ಅದನ್ನು ಪೂರ್ತಿ ನಿರಪರಾಧಿ ಎನ್ನಲೂ ಬರುವುದಿಲ್ಲ. ಚಳಿಗಾಲಕ್ಕೆಂದು ಮರದ ಚಕ್ಕೆಗಳನ್ನು ಅರ್ಧ ಅಡಿ ದಪ್ಪಕ್ಕೆ ಹಾಸಿದರೆ ವೋಲ್‌ಗೆ ನಾವೇ ಹೊದಿಕೆ ಕೊಟ್ಟಂತೆ. ನಾನು ಈಗ ಎರಡು ಇಂಚಿಗಿಂತ ಹೆಚ್ಚು ಹಾಸುವುದಿಲ್ಲ, ಅದೂ ನೆಲ ಚೆನ್ನಾಗಿ ತಣ್ಣಗಾದ ಮೇಲೆ.

ಮಾರ್ಚ್ ತಿಂಗಳಲ್ಲಿ ಹಸಿರು ಮೂಗುಗಳು ಮಣ್ಣಿನಿಂದ ಹೊರಬಂದೊಡನೆ ಮೇಲಿನ ಮುಚ್ಚಳ ತೆಗೆಯಬೇಕು, ಇಲ್ಲವಾದರೆ ಎಲೆಗಳು ತಂತಿಯ ಕಣ್ಣುಗಳಲ್ಲಿ ಸಿಕ್ಕಿ ಕತ್ತು ಹಿಸುಕಿದಂತಾಗುತ್ತದೆ. ಅಷ್ಟರಲ್ಲಿ ಕಳ್ಳರ ಪಾಳಿ ಬದಲಾಗಿರುತ್ತದೆ. ಮೊಲ ಮತ್ತು ಜಿಂಕೆಗಳಿಗೆ ಗೆಡ್ಡೆಯ ಚಿಂತೆಯಿಲ್ಲ, ಎಳೆಯ ಚಿಗುರು ಬೇಕು. ಇವೆರಡರಲ್ಲಿ ಬಂದದ್ದು ಯಾವುದೆಂದು ತಿಳಿಯಲು ಬಗ್ಗಿ ದಂಟಿನ ತುದಿ ನೋಡಿದರೆ ಸಾಕು. ಚಾಕುವಿನಿಂದ ಓರೆಯಾಗಿ ಕೊಯ್ದ ಹಾಗೆ ನುಣ್ಣಗಿದ್ದರೆ ಅದು ಮೊಲ. ತುದಿ ಹರಿದು ನಾರು ನಾರಾಗಿದ್ದರೆ ಜಿಂಕೆ; ನಮ್ಮ ಹಸು ಎಮ್ಮೆಗಳಂತೆಯೇ ಜಿಂಕೆಗೂ ಮೇಲಿನ ದವಡೆಯಲ್ಲಿ ಬಾಚಿಹಲ್ಲುಗಳಿಲ್ಲದ ಕಾರಣ ಅದು ಕಚ್ಚಿ ಕತ್ತರಿಸಲಾರದು, ಹಿಡಿದು ಜಗ್ಗುತ್ತದೆ. ಪಂಜರದಿಂದ ಬದುಕಿ ಬಂದ ನನ್ನ ಟ್ಯೂಲಿಪ್‌ಗಳು ಆ ಏಪ್ರಿಲ್‌ನಲ್ಲಿ ಮೊಗ್ಗಿನ ತುದಿಯಲ್ಲಿ ಕೆಂಪು ತೋರಿಸಿದ ರಾತ್ರಿಯೇ, ನಾಳೆ ಅರಳುತ್ತವೆ ಎಂದು ಮನೆಯವರಿಗೆಲ್ಲ ಹೇಳಿ ಮಲಗಿದ ರಾತ್ರಿಯೇ, 30ರಲ್ಲಿ 26 ಮೊಗ್ಗುಗಳು ಮಾಯವಾದವು. ದಂಟುಗಳೆಲ್ಲ ನಾರು ನಾರು.

ಜಿಂಕೆಗೆ ಬೇಲಿ ಹಾಕುವುದಾದರೆ ಎಂಟು ಅಡಿ ಎತ್ತರ ಬೇಕು. ಮನೆಯ ಮುಂದೆ ಅಂಥ ಬೇಲಿ ಹಾಕಿದರೆ ಹೂವು ಕಾಣುವುದು ನಮಗೂ ಇಲ್ಲ, ಹಾದಿಹೋಕರಿಗೂ ಇಲ್ಲ. ಉಳಿದ ದಾರಿ ಸಿಂಪಡಿಸುವ ದ್ರಾವಣ, ಮತ್ತು ಅವುಗಳಲ್ಲಿ ಕೆಲಸ ಮಾಡುವವುಗಳ ಮುಖ್ಯ ವಸ್ತು ಕೊಳೆತ ಮೊಟ್ಟೆ. ಮೊಟ್ಟೆಯನ್ನು ಹೊಸ್ತಿಲೊಳಗೆ ತಾರದ ಮನೆಯಲ್ಲಿ, ಅತ್ತೆಯವರು ಊರಿನಿಂದ ಬಂದಿದ್ದ ತಿಂಗಳಲ್ಲೇ, ನಾನು ಅದನ್ನು ಮೆಟ್ಟಿಲಿನ ಎರಡೂ ಪಕ್ಕಕ್ಕೆ ಸಿಂಪಡಿಸಿದೆ. ಒಣಗಿದ ಮೇಲೆ ಮನುಷ್ಯರ ಮೂಗಿಗೆ ವಾಸನೆ ತಿಳಿಯುವುದಿಲ್ಲ ಎಂದು ಬಾಟಲಿಯ ಮೇಲೆ ಬರೆದಿತ್ತು. ಅತ್ತೆಯವರ ಮೂಗನ್ನು ಆ ಕಂಪನಿಯವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದ್ರಾವಣ ಕೆಲಸ ಮಾಡಿತು ಎಂಬುದನ್ನು ಒಪ್ಪಬೇಕು, ಆದರೆ ಜೋರು ಮಳೆಯಾದಾಗಲೆಲ್ಲ, ಹೊಸ ಚಿಗುರು ಬಂದಾಗಲೆಲ್ಲ ಮತ್ತೆ ಸಿಂಪಡಿಸಬೇಕು. ಇಲ್ಲಿಯ ಏಪ್ರಿಲ್ ಮಳೆಯದೇ ತಿಂಗಳು.

ಡ್ಯಾಫೋಡಿಲ್ ನಮ್ಮ ಅಂಗಳಕ್ಕೆ ಬಂದದ್ದು ಇಷ್ಟೆಲ್ಲ ಆದ ಮೇಲೆ, ಅದೂ ಆಕಸ್ಮಿಕವಾಗಿ. ಪಕ್ಕದ ಬೀದಿಯ ಹಿರಿಯ ಮಹಿಳೆಯೊಬ್ಬರು ತಮ್ಮ ಹಿತ್ತಲಿನಲ್ಲಿ ಒತ್ತೊತ್ತಾಗಿ ಬೆಳೆದಿದ್ದ ಗೆಡ್ಡೆಗಳನ್ನು ಕಿತ್ತು ಕಾಗದದ ಚೀಲದಲ್ಲಿ ತುಂಬಿ ಕೊಟ್ಟರು, ಮತ್ತು ಕೈಗವಸು ಹಾಕಿಕೊಂಡು ಮುಟ್ಟಿ ಎಂದು ಹೇಳಿದರು. ನಾನು ಹಾಕಿಕೊಳ್ಳಲಿಲ್ಲ. ಅರ್ಧ ಗಂಟೆಯಲ್ಲಿ ಬೆರಳ ಸಂದುಗಳಲ್ಲಿ ಶುರುವಾದ ತುರಿಕೆ ನನಗೆ ಚಿರಪರಿಚಿತವಾಗಿತ್ತು: ಸುವರ್ಣಗೆಡ್ಡೆ ಹೆಚ್ಚಿದಾಗ ಆಗುವ ಅದೇ ತುರಿಕೆ, ಪತ್ರೊಡೆಗೆಂದು ತಂದ ಕೆಸುವಿನ ಎಲೆಗೆ ಹುಳಿ ಸಾಲದಿದ್ದರೆ ಗಂಟಲು ಹಿಡಿಯುವ ಅದೇ ತುರಿಕೆ. ಕಾರಣವೂ ಒಂದೇ. ಕೆಸು, ಸುವರ್ಣಗೆಡ್ಡೆಗಳಲ್ಲಿರುವಂತೆ ಡ್ಯಾಫೋಡಿಲ್‌ನ ಲೋಳೆಯಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಡ್ಯಾಫೋಡಿಲ್ ಹೂ ಕೊಯ್ಯುವ ಕೂಲಿಯವರ ಕೈಗೆ ಬರುವ ತುರಿ ಇದರಿಂದಲೇ. ಅದರ ಮೇಲೆ ಲೈಕೊರಿನ್ ಎಂಬ ವಿಷವೂ ಗೆಡ್ಡೆಯಲ್ಲಿದೆ. ಕೆಸುವನ್ನು ಹುಣಸೆಹಣ್ಣಿನಲ್ಲಿ ಬೇಯಿಸಿ ನಾವು ಗೆದ್ದೆವು. ಡ್ಯಾಫೋಡಿಲ್ ಅನ್ನು ಯಾವ ಹುಳಿಯಿಂದಲೂ ಗೆಲ್ಲಲಾಗದು, ಅಳಿಲು, ವೋಲ್, ಮೊಲ, ಜಿಂಕೆ ಯಾವುದೂ ಅದರ ತಂಟೆಗೆ ಹೋಗುವುದಿಲ್ಲ. ಕೆಸುವಿನ ನಾಡಿನಿಂದ ಬಂದವಳು ಈ ಸಂಗತಿಯನ್ನು ಮೊದಲೇ ಊಹಿಸಬೇಕಿತ್ತು. ಮೂರು ವರ್ಷ ನಾನು ತಂತಿ, ಖಾರ, ಮೊಟ್ಟೆಗಳಿಂದ ಮಾಡಲು ಹೆಣಗಿದ ಕೆಲಸವನ್ನು ಆ ಗೆಡ್ಡೆ ತನ್ನೊಳಗೇ ಇಟ್ಟುಕೊಂಡು ಬಂದಿತ್ತು.

ಈಗ ನಮ್ಮ ಅಂಗಳದಲ್ಲಿ ಬಹುಪಾಲು ಡ್ಯಾಫೋಡಿಲ್. ಅವು ಪಂಜರವಿಲ್ಲದೆ ಆರು ಇಂಚು ಆಳದಲ್ಲಿದ್ದು ವರ್ಷದಿಂದ ವರ್ಷಕ್ಕೆ ಸಂಸಾರ ಬೆಳೆಸಿಕೊಂಡು ಬರುತ್ತಿವೆ. ಹೂ ಬಾಡಿದ ಮೇಲೆ ಎಲೆಗಳು ತಾವಾಗಿ ಹಳದಿಯಾಗುವವರೆಗೆ, ಅಂದರೆ ಸುಮಾರು ಆರು ವಾರ, ಅವುಗಳನ್ನು ಕತ್ತರಿಸದೆ ಬಿಡುವುದಷ್ಟೇ ನಮ್ಮ ಕೆಲಸ. ಜೊತೆಗೆ ಈರುಳ್ಳಿಯ ಬಳಗದ ಆಲಿಯಂ ಇದೆ, ಸ್ನೋಡ್ರಾಪ್ ಇದೆ, ನೀಲಿ ಮಸ್ಕಾರಿ ಇದೆ. ಟ್ಯೂಲಿಪ್‌ನ ಸುತ್ತ ಡ್ಯಾಫೋಡಿಲ್ ನೆಟ್ಟರೆ ಟ್ಯೂಲಿಪ್ ಉಳಿಯುತ್ತದೆ ಎಂದು ಹಲವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅಳಿಲು ಬಹಳ ಶಿಸ್ತಿನಿಂದ ಡ್ಯಾಫೋಡಿಲ್ ಅನ್ನು ಬಿಟ್ಟು ಟ್ಯೂಲಿಪ್ ಅನ್ನು ಮಾತ್ರ ಆರಿಸಿಕೊಂಡಿತು. ಕ್ರೋಕಸ್ ಆಸೆಯನ್ನು ನಾನು ಬಿಟ್ಟಿದ್ದೇನೆ. ಮೂರು ನಾಲ್ಕು ಇಂಚಿನ ಆಳದಲ್ಲಿರುವ ಆ ಪುಟ್ಟ ಗೆಡ್ಡೆ ಎಲ್ಲರಿಗೂ ಸುಲಭದ ತುತ್ತು. ಕೇಸರಿಯೂ ಕ್ರೋಕಸ್ ಜಾತಿಯದೇ, ಮತ್ತು ಕಾಶ್ಮೀರದ ಪಾಂಪೋರಿನಲ್ಲಿ ಕೇಸರಿ ಬೆಳೆಯುವವರಿಗೂ ಮುಳ್ಳುಹಂದಿಯ ಕಾಟ ತಪ್ಪಿಲ್ಲ ಎಂದು ಅಪ್ಪಯ್ಯನಿಗೆ ಹೇಳಿದಾಗ ಅವರಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಒಂದೇ ಒಂದು ಪಂಜರವನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಹಿತ್ತಲ ಬಾಗಿಲ ಪಕ್ಕದಲ್ಲಿ, ಜಿಂಕೆ ಬರಲು ಅಳುಕುವಷ್ಟು ಮನೆಗೆ ಹತ್ತಿರದಲ್ಲಿ. ಅದರಲ್ಲಿ 20 ಕೆಂಪು ಟ್ಯೂಲಿಪ್‌ಗಳಿವೆ. ಅವುಗಳನ್ನು ಕೊಯ್ದು ತಂದರೂ ಡ್ಯಾಫೋಡಿಲ್ ಇರುವ ಹೂದಾನಿಯಲ್ಲಿ ಇಡುವುದಿಲ್ಲ, ಅದರ ಲೋಳೆ ನೀರಿಗೆ ಸೇರಿದರೆ ಟ್ಯೂಲಿಪ್ ಬೇಗ ಬಾಡುತ್ತದೆ.

ಕಳೆದ ಯುಗಾದಿಯ ದಿನ ವಿಡಿಯೊ ಕರೆಯಲ್ಲಿ ಅಂಗಳ ತೋರಿಸಿದಾಗ ಅಪ್ಪಯ್ಯ ಬಹಳ ಹೊತ್ತು ಹಳದಿ ಸಾಲುಗಳನ್ನು ನೋಡಿದರು. ಮುಳ್ಳುಹಂದಿಯೂ ಇದನ್ನು ಮುಟ್ಟದಿದ್ದರೆ ತೋಟದ ಅಂಚಿಗೆ ನೆಡಲು ಒಂದು ನೂರು ಗೆಡ್ಡೆ ಆಗಬಹುದೇ ಎಂದು ಕೇಳಿದರು. ನಮ್ಮೂರಿನ ಚಳಿ ಇದಕ್ಕೆ ಸಾಲದು, ತಿಂಗಳುಗಟ್ಟಲೆ ಫ್ರಿಜ್ಜಿನಲ್ಲಿಟ್ಟರೆ ಮಾತ್ರ ಹೂ ಬಂದೀತು ಎಂದೆ. “ಇಡೋಣ, ಅದಕ್ಕೇನು, ತರಕಾರಿ ಡಬ್ಬಿ ಖಾಲಿನೇ ಇರ್ತದೆ” ಎಂದರು. ಫ್ರಿಜ್ಜು ಅಮ್ಮನ ಅಧಿಕಾರಕ್ಕೆ ಸೇರಿದ್ದು. ಡ್ಯಾಫೋಡಿಲ್ ಗೆಡ್ಡೆಯನ್ನು ಈರುಳ್ಳಿಯೆಂದು ಭಾವಿಸಿ ಅಡಿಗೆಗೆ ಹಾಕಿ ಆಸ್ಪತ್ರೆ ಸೇರಿದವರಿದ್ದಾರೆ. ಆ ಕಾರಣಕ್ಕೇ 2015ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಇವುಗಳನ್ನು ತರಕಾರಿಯ ಪಕ್ಕದಲ್ಲಿ ಇಡಬೇಡಿರೆಂದು ಅಂಗಡಿಗಳಿಗೆ ಸೂಚಿಸಿದ್ದರು. ಅದನ್ನು ನಾನು ಹೇಳಿ ಮುಗಿಸುವ ಮೊದಲೇ ಅಡಿಗೆಮನೆಯಿಂದ ಅಮ್ಮನ ದನಿ ಕೇಳಿಸಿತು: “ಕನ್ನಡಕ ಇಲ್ದೆ ನಂಗೆ ಆಲೂಗಡ್ಡೆಗೂ ಈರುಳ್ಳಿಗೂ ವ್ಯತ್ಯಾಸ ಕಾಣ್ಸಲ್ಲ. ಅದೆಲ್ಲ ಅಲ್ಲೇ ಇರ್ಲಿ.”